ಸಿಡಿಗುಂಡಿನ ಸದ್ದಡಗಿದ ಮೇಲೆ: ಸೈನಿಕರ ಶ್ರವಣಶಕ್ತಿ ಮತ್ತು ನಮ್ಮ ಹೊಣೆ

ಕಣ್ಣಿಗೆ ರೆಪ್ಪೆಯುಂಟು, ಬಾಯಿಗೆ ತುಟಿಯುಂಟು. ಕಿವಿಗೆ ಮಾತ್ರ ಬಾಗಿಲಿಲ್ಲ. ದೇಹವೆಲ್ಲ ನಿದ್ರಿಸುವಾಗಲೂ ಅದು ತೆರೆದೇ ಇರುತ್ತದೆ. ತೊಟ್ಟಿಲ ಕೂಸಿನ ಅಳುವಿಗೆ ತಾಯಿ ಎಚ್ಚರಗೊಳ್ಳುವುದು, ಗಡಿಯಲ್ಲಿ ಕಾವಲು ನಿಂತ ಸೈನಿಕ ಕತ್ತಲೆಯಲ್ಲಿ ಒಣಗಿದ ಎಲೆಯ ಮೇಲೆ ಬಿದ್ದ ಹೆಜ್ಜೆಯನ್ನು ಗುರುತಿಸುವುದು ಈ ಗುಣದಿಂದಲೇ. ಆದರೆ ಬಾಗಿಲಿಲ್ಲದ ಮನೆಗೆ ಬಿರುಗಾಳಿ ನುಗ್ಗಿದರೆ ತಡೆಯುವವರಾರು? ಬಾಂಬು, ನೆಲಬಾಂಬು, ಫಿರಂಗಿ ಗುಂಡು ಹತ್ತಿರದಲ್ಲಿ ಸಿಡಿದಾಗ ದೇಹದ ಅಂಗಗಳಲ್ಲಿ ಎಲ್ಲಕ್ಕಿಂತ ಮೊದಲು ಘಾಸಿಗೊಳ್ಳುವುದು ಕಿವಿಯೇ. ಕೈಕಾಲಿನ ಗಾಯ ಎದ್ದು ಕಾಣುತ್ತದೆ, ಅದಕ್ಕೆ ಪಟ್ಟಿ ಕಟ್ಟುತ್ತಾರೆ. ಕಿವಿಯ ಗಾಯ ಕಾಣುವುದಿಲ್ಲ. ಗಾಯಗೊಂಡವನೇ ಎಷ್ಟೋ ವರ್ಷ ಅದನ್ನು ಅರಿಯದೆ, ಅರಿತರೂ ಹೇಳದೆ ಬದುಕುತ್ತಾನೆ.

ಈ ವಿಷಯವನ್ನು ನಮ್ಮ ಭಾಗದ ಸದ್ಭಕ್ತರ ಮುಂದಿಡುವುದಕ್ಕೆ ಕಾರಣವಿದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಸೈನ್ಯಕ್ಕೆ ಮಗನನ್ನು ಕಳಿಸದ ಊರು ವಿರಳ. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲಿದೆ. ಆ ದಳದ ಪಡೆಗಳು 1941ರಲ್ಲಿ ಆಫ್ರಿಕಾದ ಕೆರೆನ್ ಬೆಟ್ಟಗಳಲ್ಲಿ, ಮುಂದೆ ಇಟಲಿಯಲ್ಲಿ, ಸ್ವಾತಂತ್ರ್ಯಾನಂತರ ಕಾಶ್ಮೀರದಲ್ಲಿ ಹೋರಾಡಿದವು. ನೆರೆಯ ಶಿರೋಳ ತಾಲ್ಲೂಕಿನ ಸೈನಿಕ ಟಾಕಳಿಯಂತೂ ತನ್ನ ಹೆಸರಿನಲ್ಲಿಯೇ ಸೈನಿಕರನ್ನು ಹೊತ್ತುಕೊಂಡಿದೆ. ನಮ್ಮವರು ಪದಾತಿದಳದಲ್ಲಿ ಮಾತ್ರವಲ್ಲದೆ ತೋಪುಖಾನೆ, ಎಂಜಿನಿಯರ್ ದಳ, ಗಡಿ ಭದ್ರತಾ ಪಡೆ, ಕೇಂದ್ರ ಮೀಸಲು ಪೊಲೀಸ್ ಪಡೆಗಳಲ್ಲಿಯೂ ದುಡಿದಿದ್ದಾರೆ, ದುಡಿಯುತ್ತಿದ್ದಾರೆ. 1987ರಿಂದ 1990ರ ವರೆಗೆ ಶ್ರೀಲಂಕಾದ ನೆಲಬಾಂಬುಗಳ ನಡುವೆ, 1999ರಲ್ಲಿ ಕಾರ್ಗಿಲ್‌ನ ಫಿರಂಗಿ ಮಳೆಯಲ್ಲಿ, 2001–02ರ ಆಪರೇಷನ್ ಪರಾಕ್ರಮದ ಕಾಲದಲ್ಲಿ ಗಡಿಯುದ್ದಕ್ಕೂ ನೆಲಬಾಂಬು ಹೂಳುವ ಹಾಗೂ ತೆಗೆಯುವ ಕೆಲಸದಲ್ಲಿ, ನಕ್ಸಲ್ ಪೀಡಿತ ಕಾಡುಗಳ ರಸ್ತೆಗಳಲ್ಲಿ ಭಾರತದ ಸೈನಿಕರು ಸ್ಫೋಟಗಳನ್ನು ಎದುರಿಸಿದರು. ಅವರಲ್ಲಿ ಬಹಳಷ್ಟು ಜನ ಈಗ ಊರಿಗೆ ಮರಳಿ ಕಬ್ಬು, ತಂಬಾಕು, ಹೈನುಗಳಲ್ಲಿ ತೊಡಗಿದ್ದಾರೆ.

ಪಿಸುಮಾತು ಕೇಳಿ ಸೇರಿದವರು

ಸೈನ್ಯಕ್ಕೆ ಸೇರುವ ತರುಣನ ಕಿವಿಯನ್ನು ಹೇಗೆ ಪರೀಕ್ಷಿಸುತ್ತಾರೆಂಬುದು ಭರತಿಗೆ ಹೋದವರಿಗೆಲ್ಲ ಗೊತ್ತು. ಅವನು ವೈದ್ಯರಿಗೆ ಬೆನ್ನು ಮಾಡಿ ನಿಲ್ಲಬೇಕು. 610 ಸೆಂಟಿಮೀಟರ್, ಅಂದರೆ ಸುಮಾರು 20 ಅಡಿ ದೂರದಿಂದ ವೈದ್ಯರು ಆಡುವ ಪಿಸುಮಾತು ಒಂದೊಂದು ಕಿವಿಗೂ ಪ್ರತ್ಯೇಕವಾಗಿ ಕೇಳಿಸಬೇಕು. ಕೇಳಿಸದಿದ್ದರೆ ಆಯ್ಕೆಯಿಲ್ಲ. ಸೇವೆಯಲ್ಲಿರುವ ಸೈನಿಕನ ಆರೋಗ್ಯವನ್ನು ಐದು ಅಂಶಗಳಲ್ಲಿ ಅಳೆಯುತ್ತಾರೆ. ಅವುಗಳ ಇಂಗ್ಲಿಷ್ ಮೊದಲಕ್ಷರಗಳನ್ನು ಕೂಡಿಸಿ 'ಶೇಪ್' ಎಂದು ಕರೆಯುತ್ತಾರೆ. ಮನಸ್ಸು, ಶ್ರವಣ, ಕೈಕಾಲು, ದೇಹದ ಸಾಮಾನ್ಯ ಸಾಮರ್ಥ್ಯ, ದೃಷ್ಟಿ ಎಂಬ ಆ ಐದರಲ್ಲಿ ಶ್ರವಣಕ್ಕೆ ಎರಡನೆಯ ಸ್ಥಾನ.

ಹೀಗೆ 20 ಅಡಿ ದೂರದ ಪಿಸುಮಾತು ಕೇಳಿಸಿಕೊಂಡು ಹೋದ ಹುಡುಗ, ಹದಿನೈದಿಪ್ಪತ್ತು ವರ್ಷ ದುಡಿದು, ನಾಲ್ವತ್ತರ ಆಸುಪಾಸಿನಲ್ಲಿಯೇ ನಿವೃತ್ತನಾಗಿ ಬಂದಾಗ ಪಕ್ಕದಲ್ಲಿ ಕುಳಿತ ಮಗಳ ಮಾತನ್ನು ಎರಡೆರಡು ಬಾರಿ ಕೇಳುವಂತಾಗಿರುತ್ತಾನೆ. ಟಿ.ವಿ.ಯ ದನಿ ಏರುತ್ತ ಹೋಗುತ್ತದೆ. ಮದುವೆ ಮುಂಜಿಗಳಲ್ಲಿ ಅವನು ಮೂಲೆ ಹಿಡಿದು ಕೂಡುತ್ತಾನೆ. "ಮಿಲಿಟರಿಗೆ ಹೋಗಿ ಬಂದ ಮೇಲೆ ಸೊಕ್ಕು ಬಂದಿದೆ, ಕರೆದರೆ ತಿರುಗಿಯೂ ನೋಡುವುದಿಲ್ಲ" ಎಂದು ಊರವರು ಆಡಿಕೊಳ್ಳುತ್ತಾರೆ. ಅದು ಸೊಕ್ಕಲ್ಲ; ದೇಶಕ್ಕಾಗಿ ಪಡೆದ ಗಾಯ.

ಕಿವಿಯ ಒಳಮನೆ

ಕಿವಿಯ ರಚನೆಯನ್ನು ಅರಿತರೆ ಸ್ಫೋಟ ಅದಕ್ಕೇನು ಮಾಡುತ್ತದೆಂಬುದು ಸುಲಭವಾಗಿ ತಿಳಿಯುತ್ತದೆ. ಹೊರಕಿವಿಯ ನಾಳದ ಕೊನೆಯಲ್ಲಿ ಸುಮಾರು 9 ಮಿಲಿಮೀಟರ್ ಅಗಲದ ತೆಳುವಾದ ಕಿವಿತಮಟೆ ಇದೆ. ಶಬ್ದದ ಅಲೆ ಬಡಿದಾಗ ಅದು ಕಂಪಿಸುತ್ತದೆ. ಅದರ ಹಿಂದೆ ಮಧ್ಯಕಿವಿ. ಅಲ್ಲಿ ಸುತ್ತಿಗೆ, ಅಡಿಗಲ್ಲು, ರಿಕಾಪು ಎಂಬ ಮೂರು ಪುಟ್ಟ ಎಲುಬುಗಳು ಸರಪಳಿಯಂತೆ ಕೂಡಿಕೊಂಡಿವೆ. ರಿಕಾಪು ಸುಮಾರು 3 ಮಿಲಿಮೀಟರ್‌ನಷ್ಟಿದ್ದು ಮಾನವ ದೇಹದ ಅತಿ ಚಿಕ್ಕ ಎಲುಬು. ಈ ಸರಪಳಿ ಕಂಪನವನ್ನು ಬಲಪಡಿಸಿ ಒಳಕಿವಿಗೆ ಮುಟ್ಟಿಸುತ್ತದೆ.

ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಎರಡೂವರೆ ಸುತ್ತು ಸುತ್ತಿದ, ದ್ರವ ತುಂಬಿದ ಕಾಕ್ಲಿಯಾ ಎಂಬ ನಾಳವಿದೆ. ಅದರೊಳಗೆ ಪ್ರತಿ ಕಿವಿಯಲ್ಲಿ ಸುಮಾರು 15,000 ಕೇಶಕೋಶಗಳಿವೆ. ಗಾಳಿಗೆ ಜೋಳದ ಪೈರು ತೂಗುವಂತೆ ಅವುಗಳ ತುದಿಯ ಸೂಕ್ಷ್ಮ ಎಳೆಗಳು ತೂಗಿ, ಕಂಪನವನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸಿ ಶ್ರವಣನರಕ್ಕೆ ಒಪ್ಪಿಸುತ್ತವೆ. ಚರ್ಮ ಸುಲಿದರೆ ಮತ್ತೆ ಬೆಳೆಯುತ್ತದೆ, ಎಲುಬು ಮುರಿದರೆ ಕೂಡುತ್ತದೆ. ಆದರೆ ಮನುಷ್ಯನಲ್ಲಿ ಈ ಕೇಶಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹುಟ್ಟುವಾಗ ಪಡೆದುಬಂದ ಬಂಡವಾಳವೇ ಕೊನೆಯವರೆಗೆ.

ಸ್ಫೋಟದ ಕ್ಷಣದಲ್ಲಿ

ಸಿಡಿಮದ್ದು ಸಿಡಿದಾಗ ಸುತ್ತಲಿನ ಗಾಳಿ ಒಮ್ಮೆಲೇ ಒತ್ತಲ್ಪಟ್ಟು ಗೋಡೆಯಂತೆ ಹೊರನುಗ್ಗುತ್ತದೆ. ಅದರ ಬೆನ್ನಿಗೇ ಒತ್ತಡ ಕುಸಿದು ಗಾಳಿ ಹಿಂದಕ್ಕೆ ಸೆಳೆಯಲ್ಪಡುತ್ತದೆ. ಈ ನೂಕು ಮತ್ತು ಸೆಳೆತ ಕಣ್ಣು ಮಿಟುಕಿಸುವಷ್ಟರಲ್ಲಿ ನಡೆದುಹೋಗುತ್ತದೆ. ಜೋರಾದ ಶಬ್ದ ಕೇಳಿದಾಗ ರಿಕಾಪನ್ನು ಬಿಗಿಹಿಡಿದು ಒಳಕಿವಿಯನ್ನು ಕಾಪಾಡುವ ಪುಟ್ಟ ಸ್ನಾಯುವೊಂದು ಮಧ್ಯಕಿವಿಯಲ್ಲಿದೆ. ಆದರೆ ಅದು ಎಚ್ಚೆತ್ತುಕೊಳ್ಳುವುದರೊಳಗೆ ಸ್ಫೋಟದ ಅಲೆ ಒಳಹೊಕ್ಕು ಹೋಗಿರುತ್ತದೆ.

ಶಬ್ದದ ಪ್ರಮಾಣವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಸಾಮಾನ್ಯ ಮಾತುಕತೆ ಸುಮಾರು 60 ಡೆಸಿಬೆಲ್. ದಿನಕ್ಕೆ ಎಂಟು ಗಂಟೆ 85 ಡೆಸಿಬೆಲ್ ಮೀರಿದ ಗದ್ದಲದಲ್ಲಿ ವರ್ಷಗಟ್ಟಲೆ ದುಡಿದರೆ ಕಿವಿ ಮಂದವಾಗುತ್ತದೆ. ಆದರೆ 140 ಡೆಸಿಬೆಲ್ ಮೀರಿದ ಸಿಡಿತವಾದರೆ ಒಂದೇ ಒಂದು ಸಲ ಸಾಕು. ಸೈನ್ಯದ ರೈಫಲ್ ಹಾರಿಸುವವನ ಕಿವಿಯ ಬಳಿ ಸುಮಾರು 155ರಿಂದ 160 ಡೆಸಿಬೆಲ್ ಸದ್ದುಂಟಾಗುತ್ತದೆ. ದೊಡ್ಡ ಫಿರಂಗಿಗಳ ಬಳಿ ಅದು 170ನ್ನೂ ದಾಟುತ್ತದೆ. ಡೆಸಿಬೆಲ್ ಲೆಕ್ಕದಲ್ಲಿ 20 ಹೆಚ್ಚಿದರೆ ಗಾಳಿಯ ಒತ್ತಡ ಹತ್ತು ಪಟ್ಟು ಹೆಚ್ಚುತ್ತದೆ ಎಂಬುದನ್ನು ಗಮನದಲ್ಲಿಟ್ಟರೆ ಈ ಅಂಕಿಗಳ ಭಾರ ಅರಿವಾಗುತ್ತದೆ. ಸುಮಾರು 185 ಡೆಸಿಬೆಲ್‌ಗೆ ಸಮನಾದ ಒತ್ತಡದಲ್ಲಿ ಕಿವಿತಮಟೆ ಹರಿಯತೊಡಗುತ್ತದೆ. ನೆಲಬಾಂಬಿನ ಪಕ್ಕದಲ್ಲಿದ್ದವನಿಗೆ, ಬಂಕರಿನಲ್ಲೋ ವಾಹನದಲ್ಲೋ ಇದ್ದವನಿಗೆ ಅಪಾಯ ಇನ್ನೂ ಹೆಚ್ಚು. ಮುಚ್ಚಿದ ಸ್ಥಳದಲ್ಲಿ ಅಲೆ ಗೋಡೆಗಳಿಗೆ ಬಡಿದು ಮತ್ತೆ ಮತ್ತೆ ಮರಳುತ್ತದೆ.

ಗಾಯ ಮೂರು ನೆಲೆಗಳಲ್ಲಿ ಆಗಬಹುದು. ಮೊದಲನೆಯದು, ಕಿವಿತಮಟೆಯಲ್ಲಿ ರಂಧ್ರ. ಎರಡನೆಯದು, ಮಧ್ಯಕಿವಿಯ ಎಲುಬುಗಳ ಸರಪಳಿ ಕಳಚುವುದು. ಮೂರನೆಯದು, ಒಳಕಿವಿಯ ಕೇಶಕೋಶಗಳೂ ಅವುಗಳಿಗೆ ಹೊಂದಿಕೊಂಡ ನರದ ತುದಿಗಳೂ ನಾಶವಾಗುವುದು. ಮೊದಲೆರಡನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಮೂರನೆಯದು ಶಾಶ್ವತ. ಒಬ್ಬನಲ್ಲಿಯೇ ಮೂರೂ ಕೂಡಿ ಬರುವುದುಂಟು. ಕಿವಿತಮಟೆ ಹರಿಯದಿದ್ದರೆ ಒಳಕಿವಿಗೆ ಏನೂ ಆಗಿಲ್ಲವೆಂದು ತಿಳಿಯುವುದು ತಪ್ಪು.

ಬಂದೂಕು ಹಾರಿಸುವವರಲ್ಲಿ ಒಂದು ವಿಶೇಷ ಕಂಡುಬರುತ್ತದೆ. ಬಲಗೈ ರೂಢಿಯವರಿಗೆ ಸಾಮಾನ್ಯವಾಗಿ ಎಡಕಿವಿಯೇ ಹೆಚ್ಚು ಕೆಡುತ್ತದೆ. ಗುರಿ ಹಿಡಿಯುವಾಗ ಎಡಕಿವಿ ನಳಿಗೆಯ ಬಾಯಿಯ ಕಡೆಗಿರುತ್ತದೆ. ಬಲಕಿವಿಗೆ ತಲೆಯೇ ಮರೆಯಾಗುತ್ತದೆ. ಮಾಜಿ ಸೈನಿಕರು ಫೋನನ್ನು ಯಾವ ಕಿವಿಗೆ ಹಿಡಿಯುತ್ತಾರೆಂದು ಮನೆಯವರು ಗಮನಿಸಿದರೆ ಇದು ತಿಳಿಯುತ್ತದೆ.

ಹಾಲು, ಕಾಲು, ಸಾಲು, ಪಾಲು

"ದನಿ ಕೇಳಿಸುತ್ತದೆ, ಮಾತು ತಿಳಿಯುವುದಿಲ್ಲ" ಎಂಬುದು ಇಂತಹವರ ಸಾಮಾನ್ಯ ದೂರು. ಮನೆಯವರಿಗೆ ಇದು ವಿಚಿತ್ರವಾಗಿ ತೋರುತ್ತದೆ. ಬೇಕಾದದ್ದು ಕೇಳಿಸುತ್ತದೆ, ಬೇಡವಾದದ್ದು ಕೇಳಿಸುವುದಿಲ್ಲ ಎಂದು ನಗೆಯಾಡುತ್ತಾರೆ. ಕಾರಣ ಬೇರೆಯೇ ಇದೆ. ಸ್ಫೋಟ ಮತ್ತು ಗುಂಡಿನ ಸದ್ದು ಮೊದಲು ನಾಶಮಾಡುವುದು 3,000ದಿಂದ 6,000 ಹರ್ಟ್ಜ್‌ವರೆಗಿನ ಕೀಚು ದನಿಗಳನ್ನು ಹಿಡಿಯುವ ಕೇಶಕೋಶಗಳನ್ನು. ನಮ್ಮ ಮಾತಿನಲ್ಲಿ ಅ, ಆ, ಉ, ಓ ಮೊದಲಾದ ಸ್ವರಗಳು ತಗ್ಗು ದನಿಯವು. ಅವು ಚೆನ್ನಾಗಿಯೇ ಕೇಳಿಸುತ್ತವೆ. ಸ, ಶ, ತ, ಕ, ಪ, ಚ ಮೊದಲಾದ ವ್ಯಂಜನಗಳ ಗುರುತು ಇರುವುದು ಕೀಚು ದನಿಗಳಲ್ಲಿ; ಅವು ಅಳಿಸಿಹೋಗುತ್ತವೆ. ಆಗ ಹಾಲು, ಕಾಲು, ಸಾಲು, ಪಾಲು ಎಂಬ ನಾಲ್ಕೂ ಮಾತುಗಳು ಅವನಿಗೆ 'ಆಲು' ಎಂದಷ್ಟೇ ಕೇಳಿಸುತ್ತವೆ. ಉಳಿದದ್ದನ್ನು ಅವನು ಊಹಿಸಬೇಕು. ಗದ್ದಲವಿಲ್ಲದ ಮನೆಯಲ್ಲಿ ತುಟಿಯ ಚಲನೆ ನೋಡಿ ಊಹಿಸುತ್ತಾನೆ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮಂಟಪದಲ್ಲಿ ಸೋಲುತ್ತಾನೆ. ಹೆಂಗಸರ, ಮಕ್ಕಳ ಮಾತು ತಿಳಿಯುವುದು ಇನ್ನೂ ಕಷ್ಟ.

ಎರಡನೆಯ ತೊಂದರೆ ಕಿವಿಮೊರೆತ. ಹೊರಗೆ ಯಾವ ಸದ್ದಿಲ್ಲದಿದ್ದರೂ ಕಿವಿಯಲ್ಲಿ ಜೀರುಂಡೆಯ ಜೀಂಕಾರದಂತೆ, ಕುಕ್ಕರಿನ ಸೀಟಿಯಂತೆ ಮೊರೆತ ನಿಲ್ಲದೆ ಕೇಳಿಸುತ್ತದೆ. ಹಗಲಿನಲ್ಲಿ ಕೆಲಸದ ನಡುವೆ ಮರೆತಿದ್ದರೂ ಊರು ಮಲಗಿದ ಮೇಲೆ ಅದು ಎದ್ದು ನಿಲ್ಲುತ್ತದೆ. ನಿದ್ರೆ ಕೆಡುತ್ತದೆ, ಸಿಟ್ಟು ಹೆಚ್ಚುತ್ತದೆ. ಅಮೆರಿಕದ ಮಾಜಿ ಸೈನಿಕರಲ್ಲಿ ಸೇವೆಯಿಂದ ಉಂಟಾದ ಅಂಗವೈಕಲ್ಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಕಿವಿಮೊರೆತಕ್ಕೆ. ಶ್ರವಣದೋಷವೂ ಅದರ ಜೊತೆಗೇ ಮುಂಚೂಣಿಯಲ್ಲಿದೆ. ಸ್ಫೋಟದ ನೆನಪುಗಳು ಕಾಡುವ ಮನೋವೇದನೆಯೂ ಇದರೊಂದಿಗೆ ಸೇರಿದರೆ ಕೆಲವರು ಮದ್ಯದ ಮೊರೆ ಹೋಗುತ್ತಾರೆ. ಮನೆಯವರು ಇದನ್ನು ಬರಿಯ ದುಶ್ಚಟವೆಂದು ಎಣಿಸದೆ ಅದರ ಮೂಲವನ್ನು ವಿಚಾರಿಸಬೇಕು. ತಲೆಸುತ್ತು, ನಡೆಯುವಾಗ ತೂರಾಡುವುದು ಕೂಡ ಒಳಕಿವಿಯ ಗಾಯದ ಫಲವಾಗಿರಬಹುದು. ದೇಹದ ಸಮತೋಲನದ ಅಂಗವೂ ಅಲ್ಲಿಯೇ ಇದೆ.

ತಕ್ಷಣ ಮಾಡಬೇಕಾದುದು, ಮಾಡಬಾರದುದು

ಇಲ್ಲಿ ಹೇಳುವ ಮಾತು ರಜೆಯಲ್ಲಿ ಬಂದ ಸೈನಿಕರಿಗೆ ಮಾತ್ರವಲ್ಲ. ಬಾವಿ ತೋಡುವಾಗ ಸಿಡಿಮದ್ದು ಇಡುವವರಿಗೆ, ಕಲ್ಲು ಗಣಿಯಲ್ಲಿ ದುಡಿಯುವವರಿಗೆ, ಪಟಾಕಿಯಿಂದ ಗಾಯಗೊಂಡ ಮಕ್ಕಳಿಗೆ, ಗ್ಯಾಸ್ ಸಿಲಿಂಡರ್ ಸ್ಫೋಟಕ್ಕೆ ಸಿಕ್ಕವರಿಗೂ ಅನ್ವಯಿಸುತ್ತದೆ.

ಸ್ಫೋಟದ ನಂತರ ಕಿವಿ ಮುಚ್ಚಿದಂತಾದರೆ, ಮೊರೆತ ಬಂದರೆ, ರಕ್ತ ಸುರಿದರೆ ಕಿವಿಗೆ ಏನನ್ನೂ ಹಾಕಬಾರದು. ನಮ್ಮ ಕಡೆ ಕಿವಿನೋವಿಗೆ ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡುವ ರೂಢಿಯಿದೆ. ತಮಟೆ ಹರಿದ ಕಿವಿಯಲ್ಲಿ ಆ ಎಣ್ಣೆ ನೇರವಾಗಿ ಮಧ್ಯಕಿವಿಗೆ ಇಳಿದು ಸೋಂಕು ಹಬ್ಬಿಸುತ್ತದೆ. ಔಷಧದ ಅಂಗಡಿಯಲ್ಲಿ ಕೇಳಿ ತಂದ ಹನಿಗಳನ್ನೂ ಹಾಕಬಾರದು; ಅವುಗಳಲ್ಲಿ ಕೆಲವು ಹರಿದ ತಮಟೆಯ ಮೂಲಕ ಒಳಕಿವಿಗೆ ತಲುಪಿದರೆ ಅಲ್ಲಿ ಉಳಿದಿರುವ ಕೇಶಕೋಶಗಳಿಗೂ ಹಾನಿ. ಕಡ್ಡಿ, ಪಿನ್ನು, ಹತ್ತಿಕಡ್ಡಿಗಳಿಂದ ಕೆದಕಬಾರದು. ಮೂಗನ್ನು ಬಲವಾಗಿ ಸೀನಬಾರದು. ಸ್ನಾನ ಮಾಡುವಾಗ ವ್ಯಾಸಲಿನ್ ಸವರಿದ ಹತ್ತಿಯನ್ನು ಕಿವಿಯ ಬಾಯಿಗಿಟ್ಟು ನೀರು ಹೋಗದಂತೆ ನೋಡಿಕೊಳ್ಳಬೇಕು. ಕೃಷ್ಣೆಯಲ್ಲಾಗಲಿ ಬಾವಿಯಲ್ಲಾಗಲಿ ಈಜು ಬೇಡ. ಕಿವಿಯಿಂದ ನೀರಿನಂತಹ ತಿಳಿದ್ರವ ಸುರಿದರೆ ತಲೆಬುರುಡೆ ಬಿರುಕುಬಿಟ್ಟಿರುವ ಸಂಭವವಿದೆ. ತಡಮಾಡದೆ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ಉಸಿರಾಟದ ತೊಂದರೆ, ಹೊಟ್ಟೆನೋವು ಇದ್ದರೂ ಹಾಗೆಯೇ. ಗಾಳಿ ತುಂಬಿದ ಪುಪ್ಪುಸಕ್ಕೂ ಕರುಳಿಗೂ ಸ್ಫೋಟದ ಅಲೆ ಪೆಟ್ಟು ಕೊಡುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಕಾಲ. "ನಾಲ್ಕು ದಿನ ನೋಡೋಣ, ತಾನಾಗಿ ಬಿಡುತ್ತದೆ" ಎಂದು ಕಾಯಬಾರದು. ಒಂದೆರಡು ದಿನಗಳಲ್ಲಿಯೇ ಕಿವಿ-ಮೂಗು-ಗಂಟಲು ತಜ್ಞರನ್ನು ಕಾಣಬೇಕು. ಒಳಕಿವಿಗೆ ಪೆಟ್ಟು ಬಿದ್ದು ಶ್ರವಣ ಹಠಾತ್ತನೆ ಕುಗ್ಗಿದ್ದರೆ ತಜ್ಞರು ಸ್ಟಿರಾಯ್ಡ್ ಔಷಧಿ ಕೊಡುವುದುಂಟು. ಅದು ಫಲ ಕೊಡುವ ಸಂಭವವಿರುವುದು ಮೊದಲ ಎರಡು ವಾರಗಳಲ್ಲಿ. ತಡವಾದಷ್ಟೂ ಆಸೆ ಕ್ಷೀಣ.

ಚಿಕಿತ್ಸೆಯ ದಾರಿಗಳು

ಕಿವಿತಮಟೆಯ ಸಣ್ಣ ರಂಧ್ರಗಳು ಹೆಚ್ಚಿನವರಲ್ಲಿ ಕೆಲವು ವಾರಗಳಿಂದ ಎರಡು ಮೂರು ತಿಂಗಳೊಳಗೆ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಕಿವಿಯನ್ನು ಒಣಗಿಸಿಟ್ಟುಕೊಂಡರೆ ಸಾಕು. ಮುಚ್ಚದಿದ್ದರೆ ಕಿವಿಯ ಮೇಲ್ಭಾಗದ ಸ್ನಾಯುವಿನ ತೆಳುಪೊರೆಯನ್ನು ತೆಗೆದು ತೇಪೆ ಹಾಕುವ ಶಸ್ತ್ರಚಿಕಿತ್ಸೆಯಿದೆ. ಇದು ಈಗ ಸಾಮಾನ್ಯ ಚಿಕಿತ್ಸೆ. ಎಲುಬುಗಳ ಸರಪಳಿ ಕಳಚಿದ್ದರೆ ಅದನ್ನೂ ಜೋಡಿಸಬಹುದು. ಸ್ಫೋಟದಲ್ಲಿ ತಮಟೆಯ ಚೂರುಗಳು ಮಧ್ಯಕಿವಿಯೊಳಗೆ ಸೇರಿಕೊಂಡು, ವರ್ಷಗಳ ನಂತರ ಗಂಟಾಗಿ ಬೆಳೆದು ಎಲುಬನ್ನು ಕೊರೆಯುವ ಸಂಭವವಿರುತ್ತದೆ. ಆದುದರಿಂದ ಹಿಂದೆಂದೋ ಸ್ಫೋಟಕ್ಕೆ ಸಿಕ್ಕವರ ಕಿವಿಯಿಂದ ದುರ್ಗಂಧದ ಕೀವು ಸೋರತೊಡಗಿದರೆ ಅಲಕ್ಷಿಸಲೇಬಾರದು.

ಕೇಶಕೋಶಗಳು ನಾಶವಾಗಿ ಉಂಟಾದ ಶ್ರವಣದೋಷಕ್ಕೆ ಔಷಧಿಯಿಲ್ಲ. "ಮೂರು ತಿಂಗಳಲ್ಲಿ ಕಿವಿ ಕೇಳಿಸುವಂತೆ ಮಾಡುತ್ತೇವೆ" ಎಂಬ ಜಾಹೀರಾತುಗಳಿಗೆ ನಿವೃತ್ತಿಯ ಹಣ ಸುರಿಯಬೇಡಿ. ಇದಕ್ಕಿರುವ ನಿಜವಾದ ಸಾಧನ ಶ್ರವಣಯಂತ್ರ. ಮೊದಲು ಆಡಿಯೋಗ್ರಾಂ ಪರೀಕ್ಷೆ ಮಾಡಿಸಿ, ಯಾವ ದನಿ ಎಷ್ಟು ಕುಗ್ಗಿದೆ ಎಂಬುದನ್ನು ಅಳೆದು, ಅದಕ್ಕೆ ತಕ್ಕಂತೆ ಯಂತ್ರವನ್ನು ಹೊಂದಿಸಬೇಕು. ಅಂಗಡಿಯಿಂದ ಹಾಗೆಯೇ ತಂದ ಯಂತ್ರ ಎಲ್ಲ ದನಿಗಳನ್ನೂ ಸಮನಾಗಿ ಹಿಗ್ಗಿಸಿ ತಲೆನೋವು ತರುತ್ತದೆ. ಆಗ ಅದು ಟ್ರಂಕಿನ ತಳ ಸೇರುತ್ತದೆ. ಸರಿಯಾಗಿ ಹೊಂದಿಸಿದ ಯಂತ್ರಕ್ಕೂ ಮಿದುಳು ಒಗ್ಗಿಕೊಳ್ಳಲು ವಾರಗಳು ಬೇಕು. ಮೊದಲು ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ ಧರಿಸಿ, ಕ್ರಮೇಣ ಹೆಚ್ಚಿಸಬೇಕು. ಬೆವರು, ಮಳೆ, ತಂಬಾಕಿನ ಧೂಳುಗಳಿಂದ ಅದನ್ನು ಕಾಪಾಡಬೇಕು. ಎರಡೂ ಕಿವಿ ತೀರ ಕೆಟ್ಟು ಯಂತ್ರದಿಂದಲೂ ಪ್ರಯೋಜನವಾಗದವರಿಗೆ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯಿದೆ. ಕಿವಿಮೊರೆತಕ್ಕೆ ಶ್ರವಣಯಂತ್ರ, ಮಲಗುವಾಗ ಫ್ಯಾನಿನಂತಹ ಮೆಲುಸದ್ದು, ಆಪ್ತಸಲಹೆಗಳು ನೆರವಾಗುತ್ತವೆ. ಮೊರೆತ ಪೂರ್ತಿ ನಿಲ್ಲದಿದ್ದರೂ ಅದರ ಕಾಟ ಕಡಿಮೆಯಾಗುತ್ತದೆ.

ಚಿಕಿತ್ಸೆಗೆ ನಮ್ಮ ಭಾಗದವರು ದೂರ ಹೋಗಬೇಕಾಗಿಲ್ಲ. ಬೆಳಗಾವಿಯಲ್ಲಿ ಜಿಲ್ಲಾ ಆಸ್ಪತ್ರೆಯನ್ನೊಳಗೊಂಡ ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ, ಕೆ.ಎಲ್.ಇ. ಸಂಸ್ಥೆಯ ಡಾ. ಪ್ರಭಾಕರ ಕೋರೆ ಆಸ್ಪತ್ರೆ ಇದೆ. ಅಥಣಿ, ಕಾಗವಾಡ, ರಾಯಬಾಗದವರಿಗೆ ಮಿರಜ ಹತ್ತಿರ. ನಿಪ್ಪಾಣಿಯವರಿಗೆ ಕೊಲ್ಹಾಪುರ ಹತ್ತಿರ. ಕ್ಲಿಷ್ಟ ಪ್ರಸಂಗಗಳಿಗೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ದೇಶಕ್ಕೇ ಹೆಸರಾದ ಕೇಂದ್ರ. ಪಿಂಚಣಿ ಪಡೆಯುವ ಮಾಜಿ ಸೈನಿಕರಿಗೂ ಅವರ ಅವಲಂಬಿತರಿಗೂ 2003ರಿಂದ ಇ.ಸಿ.ಎಚ್.ಎಸ್. ಆರೋಗ್ಯ ಯೋಜನೆಯಿದ್ದು, ಅದರಲ್ಲಿ ಶ್ರವಣಯಂತ್ರಕ್ಕೂ ಅವಕಾಶವಿದೆ.

ಕಾಗದದ ಮೇಲಿನ ಗಾಯ

ಸೈನಿಕ ಕುಟುಂಬಗಳು ಬಹಳಷ್ಟು ಕಳೆದುಕೊಳ್ಳುವುದು ದಾಖಲೆಯ ಅಭಾವದಿಂದ. ಸ್ಫೋಟ ನಡೆದ ದಿನ ಕೈಕಾಲು ಹೋದವರ ನಡುವೆ ತನ್ನ ಕಿವಿಯ ಮಾತನ್ನೆತ್ತಲು ಯೋಧನಿಗೆ ಸಂಕೋಚ. ಶ್ರವಣದ ದರ್ಜೆ ಕುಗ್ಗಿದರೆ ಬಡ್ತಿ ತಪ್ಪೀತೆಂಬ ಭಯವೂ ಅವನನ್ನು ಸುಮ್ಮನಾಗಿಸುತ್ತದೆ. ನಿವೃತ್ತಿಯ ವೇಳೆಗೆ ಊರು ಸೇರುವ ಆತುರದಲ್ಲಿ ವೈದ್ಯಕೀಯ ಮಂಡಳಿಯ ಮುಂದೆ ಎಲ್ಲವೂ ಸರಿಯಿದೆ ಎಂದು ಸಹಿ ಹಾಕಿ ಬರುತ್ತಾನೆ. ವರ್ಷಗಳ ನಂತರ ಕಿವಿ ಪೂರ್ತಿ ಮಂದವಾದಾಗ ತೋರಿಸಲು ಒಂದು ಚೀಟಿಯೂ ಇರುವುದಿಲ್ಲ.

ಸೇವೆಯಿಂದ ಉಂಟಾದ ಅಥವಾ ಸೇವೆಯಿಂದ ಉಲ್ಬಣಿಸಿದ ವೈಕಲ್ಯಕ್ಕೆ ಅಂಗವೈಕಲ್ಯ ಪಿಂಚಣಿ ದೊರೆಯಬೇಕಾದರೆ ಸಾಮಾನ್ಯವಾಗಿ ಅದು ಶೇ. 20ಕ್ಕಿಂತ ಕಡಿಮೆ ಇರಬಾರದು. ಸೇರುವಾಗ ದಾಖಲಾಗದ ಕಾಯಿಲೆ ಮುಂದೆ ಕಂಡುಬಂದರೆ ಸೇರುವಾಗ ಅವನು ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕು, ಅಲ್ಲವೆಂದು ಸಾಧಿಸುವ ಹೊಣೆ ಸರಕಾರದ್ದು ಎಂದು 2013ರಲ್ಲಿ ಧರ್ಮವೀರ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು. 2023ರಲ್ಲಿ ಹೊಸ ಅರ್ಹತಾ ನಿಯಮಗಳು ಜಾರಿಗೆ ಬಂದಿವೆ. ಆದುದರಿಂದ ತಮ್ಮ ಪ್ರಕರಣಕ್ಕೆ ಯಾವ ನಿಯಮ ಅನ್ವಯಿಸುತ್ತದೆಂಬುದನ್ನು ಬೆಳಗಾವಿಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಯಲ್ಲಿ ವಿಚಾರಿಸುವುದು ಒಳಿತು. ಅಲ್ಲಿ ಪರಿಹಾರ ಸಿಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಕೊಚ್ಚಿ ಪೀಠವಿದೆ.

ಈಗ ಸೇವೆಯಲ್ಲಿರುವ ಮಕ್ಕಳಿಗೆ ತಂದೆತಾಯಿಗಳು ಹೇಳಬೇಕಾದ ಮಾತು ಇಷ್ಟೇ: ಸ್ಫೋಟದ ಸಮೀಪವಿದ್ದರೆ ಅಂದೇ ಘಟಕದ ವೈದ್ಯರಲ್ಲಿ ಬರೆಯಿಸು, ಆಡಿಯೋಗ್ರಾಂ ಮಾಡಿಸು, ಅದರ ಪ್ರತಿ ಇಟ್ಟುಕೊ. 2022ರಿಂದ ಸೇರುತ್ತಿರುವ ಅಗ್ನಿವೀರರಿಗೆ ಈ ಮಾತು ಇನ್ನೂ ಮುಖ್ಯ. ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಪಿಂಚಣಿಯಾಗಲಿ ಇ.ಸಿ.ಎಚ್.ಎಸ್. ಆಗಲಿ ಇಲ್ಲ, ಹೊರಬರುವ ಮೊದಲೇ ಕಿವಿಯ ಸ್ಥಿತಿ ಕಾಗದದ ಮೇಲೆ ಇರಬೇಕು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಂತೆ ಎರಡೂ ಕಿವಿಗಳಲ್ಲಿ ಮಾತಿನ ದನಿಗಳ ಶ್ರವಣ 60ರಿಂದ 70 ಡೆಸಿಬೆಲ್ ಕುಗ್ಗಿದವರನ್ನು ಮಂದಶ್ರವಣದವರೆಂದೂ, 70 ಡೆಸಿಬೆಲ್ ಕುಗ್ಗಿದವರನ್ನು ಕಿವುಡರೆಂದೂ ಪರಿಗಣಿಸಲಾಗುತ್ತದೆ. ಸೈನಿಕರಿರಲಿ, ರೈತರಿರಲಿ, ಅರ್ಹರಾದವರೆಲ್ಲರೂ ಇದರ ಗುರುತುಚೀಟಿ ಪಡೆಯಬಹುದು.

ಮರಳಿ ಬಂದ ಮೇಲಿನ ಎರಡನೆಯ ಪೆಟ್ಟು

ಅರ್ಧ ಕೆಟ್ಟ ಕಿವಿಯೊಡನೆ ಊರಿಗೆ ಬಂದ ಸೈನಿಕ ಸುಮ್ಮನೆ ಕೂಡುವವನಲ್ಲ. ಟ್ರ್ಯಾಕ್ಟರ್ ಓಡಿಸುತ್ತಾನೆ, ಸಕ್ಕರೆ ಕಾರ್ಖಾನೆಯ ಟರ್ಬೈನ್ ಬಳಿ ದುಡಿಯುತ್ತಾನೆ, ಗಿರಣಿ ನಡೆಸುತ್ತಾನೆ. ಅಳಿದುಳಿದ ಕೇಶಕೋಶಗಳು ಈ ಸದ್ದಿಗೆ ಬಲಿಯಾಗುತ್ತವೆ. ಕಿವಿಗೆ ಬರಿಯ ಹತ್ತಿ ತುರುಕಿಕೊಂಡರೆ ರಕ್ಷಣೆ ಅತ್ಯಲ್ಪ. ಒಳ್ಳೆಯ ಕಿವಿಬೆಣೆ ಅಥವಾ ಕಿವಿಗವಸು ಬೇಕು, ಅದಕ್ಕೆ ತಗಲುವ ವೆಚ್ಚ ಹೆಚ್ಚಲ್ಲ. ಸೈನ್ಯಗಳಲ್ಲಿ ಈಗ ಮೆಲುಸದ್ದನ್ನು ಒಳಬಿಟ್ಟು ಸಿಡಿತವನ್ನು ಮಾತ್ರ ತಡೆಯುವ ಕಿವಿಬೆಣೆಗಳು ಬಳಕೆಗೆ ಬಂದಿವೆ. ಶತ್ರುವಿನ ಹೆಜ್ಜೆ ಕೇಳಿಸಲೇಬೇಕಾದ ಸೈನಿಕ ಕಿವಿ ಮುಚ್ಚಿಕೊಳ್ಳಲು ಹಿಂಜರಿಯುತ್ತಿದ್ದ ಕಾರಣಕ್ಕೆ ಅಂತಹವನ್ನು ರೂಪಿಸಲಾಯಿತು. ಯುದ್ಧಭೂಮಿಯಲ್ಲಿ ಆ ಹಿಂಜರಿಕೆಗೆ ಅರ್ಥವಿದೆ. ಗಿರಣಿಯಲ್ಲಿ ಅದಕ್ಕೆ ಅರ್ಥವಿಲ್ಲ.

ಇನ್ನು ಹಬ್ಬ, ಜಾತ್ರೆ, ಮದುವೆಗಳ ಡಾಲ್ಬಿ. ನಾಲ್ಕು ಮೀಟರ್ ದೂರದಲ್ಲಿ 125 ಡೆಸಿಬೆಲ್ ಮೀರುವ ಪಟಾಕಿಗಳ ತಯಾರಿಕೆ, ಮಾರಾಟ, ಬಳಕೆಗಳನ್ನು 1999ರ ನಿಯಮ ನಿಷೇಧಿಸಿದೆ. ರಾತ್ರಿ 10ರಿಂದ ಬೆಳಗಿನ 6ರ ವರೆಗೆ ಧ್ವನಿವರ್ಧಕಕ್ಕೆ 2000ದ ನಿಯಮ ಅಡ್ಡಿಮಾಡಿದೆ. ಡಾಲ್ಬಿಯ ಮುಂದೆ ಕುಣಿಯುವ ಹುಡುಗನೇ ನಾಳೆ ಭರತಿಯ ಮೈದಾನದಲ್ಲಿ ಬೆನ್ನು ತಿರುಗಿಸಿ ಪಿಸುಮಾತಿಗೆ ಕಿವಿಗೊಡಬೇಕಾದವನು ಎಂಬುದನ್ನು ನೆನೆದರೂ ಸಾಕು. ಭರತಿಗೆ ಹೋಗುವ ತರುಣರಿಗೆ ಇನ್ನೊಂದು ಮಾತು: ಕಿವಿಯ ಕುಗ್ಗೆಯನ್ನು ಕಡ್ಡಿಯಿಂದ ತೆಗೆಯಲು ಹೋಗಿ ತಮಟೆ ಹರಿದುಕೊಳ್ಳಬೇಡಿ, ವಾರ ಮೊದಲೇ ವೈದ್ಯರಲ್ಲಿ ತೆಗೆಸಿಕೊಳ್ಳಿ.

ಮನೆಯವರ, ಊರವರ ಕಾಯಕ

ಮಂದಶ್ರವಣದವರೊಡನೆ ಕೂಗಿ ಮಾತನಾಡಬಾರದು. ಕೂಗಿದಾಗ ಸ್ವರಗಳು ಹಿಗ್ಗುತ್ತವೆಯೇ ಹೊರತು ವ್ಯಂಜನಗಳು ಸ್ಪಷ್ಟವಾಗುವುದಿಲ್ಲ. ಎದುರಿಗೆ ಬಂದು, ಮುಖದ ಮೇಲೆ ಬೆಳಕು ಬೀಳುವಂತೆ ನಿಂತು, ಸಾವಕಾಶವಾಗಿ ಆಡಬೇಕು. ಹೇಳಿದ್ದು ತಿಳಿಯದಿದ್ದರೆ ಅದೇ ಮಾತನ್ನು ಮತ್ತೆ ಮತ್ತೆ ಹೇಳದೆ ಬೇರೆ ಶಬ್ದಗಳಲ್ಲಿ ಹೇಳಬೇಕು. 'ಹಾಲು' ತಿಳಿಯದಿದ್ದರೆ 'ಎಮ್ಮೆ ಹಿಂಡಿದ್ದು' ಎಂದರೆ ತಿಳಿದೀತು. ಮಾತನಾಡುವಾಗ ಟಿ.ವಿ. ಆರಿಸಬೇಕು. "ಬಿಡು, ಏನಿಲ್ಲ" ಎಂದು ಮಾತು ಮುಗಿಸುವುದು ಅವರ ಮನಸ್ಸಿಗೆ ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಮಾತು. ಹೀಗೆ ಬಿಡುತ್ತ ಬಿಡುತ್ತ ಅವರು ಒಂಟಿಯಾಗುತ್ತಾರೆ. ಚಿಕಿತ್ಸೆಯಿಲ್ಲದ ಶ್ರವಣದೋಷವು ವೃದ್ಧಾಪ್ಯದ ಮರೆಗುಳಿತನಕ್ಕೆ ತಡೆಯಬಹುದಾದ ಕಾರಣಗಳಲ್ಲೊಂದು ಎಂದು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ಆಯೋಗ ಗುರುತಿಸಿದೆ. ಕನ್ನಡಕ ಧರಿಸಿದವರನ್ನು ನಾವು ಕುರುಡರೆನ್ನುವುದಿಲ್ಲ. ಶ್ರವಣಯಂತ್ರ ಧರಿಸಿದವರನ್ನು ಕಿವುಡರೆಂದು ಕರೆಯುವುದನ್ನು ಬಿಟ್ಟರೆ ಎಷ್ಟೋ ಯಂತ್ರಗಳು ಟ್ರಂಕಿನಿಂದ ಹೊರಬರುತ್ತವೆ.

ಪ್ರತಿವರ್ಷ ಮಾರ್ಚ್ 3ನ್ನು ವಿಶ್ವ ಶ್ರವಣ ದಿನವೆಂದು ಆಚರಿಸಲಾಗುತ್ತದೆ. ಆ ದಿನ, ಇಲ್ಲವೆ ಊರ ಜಾತ್ರೆಯ ಸಂದರ್ಭದಲ್ಲಿ, ಮಾಜಿ ಸೈನಿಕರ ಸಂಘಗಳೂ ಸದ್ಭಕ್ತರೂ ಕೂಡಿ ಒಂದು ಶ್ರವಣ ತಪಾಸಣಾ ಶಿಬಿರ ನಡೆಸುವುದು ಅಸಾಧ್ಯವೇನಲ್ಲ. ಅದಕ್ಕೂ ಮೊದಲು ಮಾಡಬಹುದಾದ ಚಿಕ್ಕ ಕೆಲಸವೊಂದಿದೆ. ಪ್ರವಚನಕ್ಕೆ ಬಂದು ಸಭೆಯ ಹಿಂದಿನ ಕಂಬಕ್ಕೆ ಒರಗಿ ಕೂಡುವ ಆ ನೆಟ್ಟನೆ ಬೆನ್ನಿನ ಹಿರಿಯರನ್ನು ಕೈಹಿಡಿದು ಮುಂದಿನ ಸಾಲಿಗೆ, ವಕ್ತಾರರ ಮುಖ ಕಾಣುವಲ್ಲಿಗೆ ಕರೆತಂದು ಕೂಡಿಸುವುದು. ಮರುದಿನ ಅವರೊಡನೆ ಬೆಳಗಾವಿಯ ಬಸ್ಸು ಹತ್ತುವುದು.